ಫ್ಲೇರ್ಡ್ ಸೆರಿಫ್ ಫಾಂಟ್ ಅಂದ್ರೆ ಏನು, ಎಲ್ಲಿ ಬಳಸ್ತಾರೆ?

ಸಿಂಪಲ್ಲಾಗಿ ಹೇಳ್ಬೇಕಂದ್ರೆ ಇದ್ರಲ್ಲಿ ಅಕ್ಷರದ ತುದಿಗೆ ಟೈಮ್ಸ್ ನ್ಯೂ ರೋಮನ್ ಥರ ಪುಟ್ಟ ಅಡ್ಡಪಟ್ಟಿ (ಅದೇ ಸೆರಿಫ್) ಇರಲ್ಲ, ಗೆರೆನೇ ತುದಿಗೆ ಹೋಗ್ತಾ ಹೋಗ್ತಾ ಸ್ವಲ್ಪ ಅಗಲ ಆಗುತ್ತೆ, ಉಳಿಯಲ್ಲಿ ಕೆತ್ತಿದ ಹಾಗೆ. ನನ್ ಪ್ರಕಾರ ಬೆಸ್ಟ್ ಉದಾಹರಣೆ ಆಲ್ಬರ್ಟಸ್. 1930ರ ದಶಕದಲ್ಲಿ ಮೊನೋಟೈಪ್ ಅನ್ನೋ ಫಾಂಟ್ ಕಂಪ್ನಿಗೆ ಬರ್ತೋಲ್ಡ್ ವೋಲ್ಪೆ ಮಾಡಿದ್ದು. ಆತ ಮೊದ್ಲು ಕಂಚಿನ ಫಲಕಗಳ ಮೇಲೆ ಉಬ್ಬು ಅಕ್ಷರ ಕೆತ್ತೋನು, ಅಂದ್ರೆ ಅಕ್ಷರ ಹಾಗೇ ಬಿಟ್ಟು ಸುತ್ತಲಿನ ಲೋಹ ಕಡೀತಿದ್ದ, ಅದಕ್ಕೇ ಈ ಫಾಂಟಲ್ಲಿ ಆ ಗಟ್ಟಿತನ. ಲಂಡನ್ನಿನ ಮಧ್ಯದ ‘ಸಿಟಿ ಆಫ್ ಲಂಡನ್’ ಅನ್ನೋ ಹಳೇ ಏರಿಯಾದ ಬೀದಿ ಬೋರ್ಡ್‌ಗಳಲ್ಲಿ ಇದೇ ಇದೆ, ಪುಸ್ತಕದ ಕವರ್‌ಗೂ ಸೂಪರ್. ಪ್ಯಾರಾಗಟ್ಲೆ ಓದೋಕೆ ಮಾತ್ರ ಬೇಡ, ಭಾರ ಅನ್ಸುತ್ತೆ. ಓದೋ ಪ್ಯಾರಾಗಳಿಗೆ 1958ರ ಆಪ್ಟಿಮಾ ಫಾಂಟ್ ನೋಡಿ, ಅದ್ರಲ್ಲಿ ತುದಿ ಅಗಲ ಆಗೋದು ಕಣ್ಣಿಗೆ ಕಾಣೋದೇ ಕಷ್ಟ.