ಡೇಟಾ ಫೋಲ್ಡರ್ ಕಾಪಿ ಮಾಡಿಟ್ಟರೆ ಸಾಲದು

ಬ್ಯಾಡಗಿಯ ಅಣ್ಣನವರೇ, ಮೆಣಸಿನಕಾಯಿ ಬೆಳೆಗಾರರ ಸಂಘದ ತೂಕ, ಪಾವತಿಯ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿದೆ, ದಿನಾ ಸಂಜೆ ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತೇವೆ, ಇಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು. ಸರ್ವರ್ ನಡೆಯುತ್ತಿರುವಾಗ ಕಾಪಿ ಮಾಡಿದರೆ ಒಂದು ಫೈಲ್ ಆರು ಗಂಟೆಯ ಸ್ಥಿತಿಯಲ್ಲಿ, ಇನ್ನೊಂದು ಆರೂ ಐದರ ಸ್ಥಿತಿಯಲ್ಲಿ ಸಿಗುತ್ತದೆ. ಸೋಮವಾರ, ಗುರುವಾರ ಮಾರುಕಟ್ಟೆ ದಿನ ತೂಕದ ಚೀಟಿಗಳು ಒಂದರ ಹಿಂದೊಂದು ಏರುತ್ತಿರುವಾಗಲಂತೂ ಆ ಕಾಪಿಯನ್ನು ನಂಬಲೇಬೇಡಿ.

ಪೋಸ್ಟ್‌ಗ್ರೆಸ್ ಜೊತೆಗೇ ಬರುವ, ಡೇಟಾಬೇಸಿನ ಪ್ರತಿ (ಡಂಪ್) ತೆಗೆಯುವ ಪಿಜಿ_ಡಂಪ್ ಕಮಾಂಡ್ ಬಳಸಿ. ಅದು ಶುರುವಾದ ಕ್ಷಣದಲ್ಲಿ ಲೆಕ್ಕ ಹೇಗಿತ್ತೋ ಹಾಗೆಯೇ ಇಡಿಯಾಗಿ ತೆಗೆಯುತ್ತದೆ. ಅಷ್ಟು ಹೊತ್ತೂ ನಿಮ್ಮ ಹುಡುಗರು ಚೀಟಿ ಏರಿಸುತ್ತಲೇ ಇರಬಹುದು. ಕಸ್ಟಮ್ ಫಾರ್ಮ್ಯಾಟ್ ಆರಿಸಿಕೊಳ್ಳಿ. ಫೈಲ್ ತಾನೇ ಕುಗ್ಗಿರುತ್ತದೆ, ಬೇಕಾದರೆ ಒಂದೇ ಟೇಬಲ್ ಅನ್ನೂ ಹಿಂದಕ್ಕೆ ತರಬಹುದು. ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ಇದರಲ್ಲಿ ಬರುವುದಿಲ್ಲ. ಅವಕ್ಕೆ ಪಿಜಿ_ಡಂಪ್‌ಆಲ್ ಅನ್ನು ಗ್ಲೋಬಲ್ಸ್-ಓನ್ಲಿ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಿ.

ರಾತ್ರಿ ತಾನಾಗಿಯೇ ಓಡಲು, ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಲಿನಕ್ಸಿನ ಕ್ರಾನ್‌ನಲ್ಲಿ ಹಾಕಿ. ಪಾಸ್‌ವರ್ಡ್ ಇಡುವ ಪಿಜಿಪಾಸ್ ಫೈಲಿಗೆ 0600 ಅನುಮತಿಯೇ ಇರಲಿ, ಅಂದರೆ ಅದರ ಒಡೆಯ ಮಾತ್ರ ಓದಿ ಬರೆಯುವಂತಿರಲಿ. ಬೇರೆಯವರು ಓದುವಂತಿದ್ದರೆ ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಂಪನ್ನು ಪೈಪ್ ಮೂಲಕ ನೇರವಾಗಿ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಡುವುದಾದರೆ ಬ್ಯಾಶ್ ಸ್ಕ್ರಿಪ್ಟಿನ (ಕಮಾಂಡುಗಳನ್ನು ಬರೆದಿಟ್ಟ ಫೈಲಿನ) ಮೇಲ್ಗಡೆ ಪೈಪ್‌ಫೇಲ್ ಆಯ್ಕೆ ಹಾಕಲೇಬೇಕು. ಇಲ್ಲದಿದ್ದರೆ ಡಂಪ್ ನಡುವೆಯೇ ಮುರಿದರೂ ಜಿಜಿಪ್ ಸರಿಯಾಗಿ ಮುಗಿದದ್ದಕ್ಕೆ ಸ್ಕ್ರಿಪ್ಟ್ ಯಶಸ್ವಿ ಎಂದೇ ಹೇಳುತ್ತದೆ, ನಿಮಗೆ ಅರ್ಧ ಫೈಲ್ ಉಳಿಯುತ್ತದೆ.

ಬ್ಯಾಕಪ್ ಇದೆ ಎಂದುಕೊಂಡು ಮೋಸಹೋಗುವುದು ಗಿಟ್‌ಲ್ಯಾಬ್‌ನಂಥ, ಪ್ರೋಗ್ರಾಂ ಕೋಡ್ ಇಡುವ ಸೇವೆ ನಡೆಸುವ ದೊಡ್ಡ ಸಂಸ್ಥೆಗೂ ಆಗಿದೆ. 2017ರ ಜನವರಿ 31ರಂದು ಅಲ್ಲಿನ ಮುಖ್ಯ ಸರ್ವರಿನ ಡೇಟಾ ಫೋಲ್ಡರ್ ತಪ್ಪಿ ಅಳಿಸಿಹೋಯಿತು. ಪಿಜಿ_ಡಂಪ್‌ನ ಬ್ಯಾಕಪ್ ಹುಡುಕಿದರೆ ಏನೂ ಇರಲಿಲ್ಲ. ಪೋಸ್ಟ್‌ಗ್ರೆಸ್ ಸರ್ವರಿನ ಆವೃತ್ತಿ 9.6, ಓಡುತ್ತಿದ್ದ ಪಿಜಿ_ಡಂಪ್‌ನದು 9.2, ತನಗಿಂತ ಹೊಸ ಸರ್ವರಿನಿಂದ ಅದು ಡಂಪ್ ತೆಗೆಯುವುದಿಲ್ಲ. ಎಚ್ಚರಿಕೆಯ ಮೇಲ್‌ಗಳೂ ತಲುಪಿರಲಿಲ್ಲ. ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ಪ್ರತಿ) ಸಿಕ್ಕಿದ್ದರಿಂದ ಸುಮಾರು ಆರು ಗಂಟೆಗಳ ಡೇಟಾ ಮಾತ್ರ ಹೋಯಿತು.

ಅದಕ್ಕೇ ಒತ್ತಿ ಹೇಳುತ್ತೇನೆ: ವಾರಕ್ಕೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಖಾಲಿ ಡೇಟಾಬೇಸ್ ಮಾಡಿ, ಡಂಪನ್ನು ಅದಕ್ಕೆ ಮರಳಿ ತುಂಬುವ ಪಿಜಿ_ರಿಸ್ಟೋರ್ ಓಡಿಸಿ. ತೂಕದ ಟೇಬಲ್‌ನಲ್ಲಿ ಎಷ್ಟು ಸಾಲುಗಳಿವೆ, ಕೊನೆಯ ಚೀಟಿಯ ತಾರೀಖು ಯಾವುದು ಎಂದು ನೋಡಿ, ಒಬ್ಬ ರೈತನ ಬಾಕಿಯನ್ನು ಕೈಬರಹದ ಖಾತೆಗೆ ತಾಳೆ ಹಾಕಿ. ಬೆಳೆಗಾರನ ಹಣದ ಲೆಕ್ಕ ಅದು, ಈ ಅರ್ಧ ಗಂಟೆಯ ಕೆಲಸ ತಪ್ಪಿಸಬೇಡಿ.

ನಿಗಾ ಇಡಲು ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಪಿಜಿ_ಈಸ್‌ರೆಡಿ ಕಮಾಂಡ್, ಸರ್ವರ್ ಸಂಪರ್ಕಕ್ಕೆ ಸಿದ್ಧವಿದೆಯೇ ಎಂದಷ್ಟೇ ಹೇಳುತ್ತದೆ. ಅದರ ಜೊತೆಗೆ ಡಿಎಫ್ ಕಮಾಂಡಿನಿಂದ ಡಿಸ್ಕಿನ ಜಾಗ, ಕೊನೆಯ ಬ್ಯಾಕಪ್ ಫೈಲಿನ ಹೊತ್ತು ಮತ್ತು ಗಾತ್ರವನ್ನು ದಿನಾ ಬೆಳಿಗ್ಗೆ ನೋಡಿ. ಕೆಲಸ ನಿಧಾನವಾದರೆ ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್‌ನಲ್ಲಿ, ಈಗಿನ ಸಂಪರ್ಕಗಳ ಪಟ್ಟಿಯಾದ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ತೆರೆದು ಯಾವ ಸಂಪರ್ಕ ಬಹಳ ಹೊತ್ತಿನಿಂದ ಸಿಕ್ಕಿಕೊಂಡಿದೆ ಎಂದು ಹುಡುಕಿ.

ಪೆನ್‌ಡ್ರೈವ್ ಬಿಡಬೇಡಿ, ಡಂಪ್ ಫೈಲನ್ನು ಅದಕ್ಕೂ ಹಾಕಿ. ಆದರೆ ಕಂಪ್ಯೂಟರಿಗೆ ಚುಚ್ಚಿಯೇ ಇಡಬೇಡಿ. ಒಂದು ಪ್ರತಿ ಕಚೇರಿಯಿಂದ ಹೊರಗೆ, ಕಾರ್ಯದರ್ಶಿಗಳ ಮನೆಯಲ್ಲಿರಲಿ. ಮೊದಲ ರಿಸ್ಟೋರ್‌ನಲ್ಲಿ ಎರರ್ ಬಂದರೆ ಅದರ ಪೂರ್ತಿ ಸಾಲನ್ನು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.