ಎಂಪಿಟಿ ಆದಮೇಲೆ ಕ್ಲಿನಿಕ್ಕೋ, ಲೆಕ್ಚರರ್ ಕೆಲಸವೋ, ಪಿಎಚ್‌ಡಿಯೋ?

ಎಂಪಿಟಿ, ಅಂದರೆ ಫಿಸಿಯೋಥೆರಪಿಯ ಸ್ನಾತಕೋತ್ತರ ಪದವಿ, ಆದಮೇಲೆ ಈ ಮೂರರಲ್ಲಿ ಯಾವುದನ್ನು ಆರಿಸಬೇಕು ಅಂತ ಕೇಳಿದ್ದೀರಿ. ಮಸ್ಕ್ಯುಲೋಸ್ಕೆಲಿಟಲ್ (ಮೂಳೆ-ಸ್ನಾಯು) ವಿಭಾಗದಲ್ಲಿ ಎಂಪಿಟಿ ಮುಗಿಸುವಾಗ ನಾನೂ ಇದನ್ನೇ ಕೇಳುತ್ತಾ ಸೀನಿಯರ್‌ಗಳ ಹಿಂದೆ ಅಲೆದಿದ್ದೆ. ಕೊನೆಗೆ ಮಲೆನಾಡಿನ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆದೆ. ಬೆಳಿಗ್ಗೆ ಪಾಠ, ಮಧ್ಯಾಹ್ನ ಒಪಿಡಿ, ಅಂದರೆ ಹೊರರೋಗಿಗಳ ವಿಭಾಗ.

ಅಡಿಕೆ ಕೊಯ್ಲು ಶುರುವಾದರೆ ಒಪಿಡಿ ತುಂಬಾ ಅಡಿಕೆ ಸುಲಿಯುವ ಹೆಂಗಸರು. ದಿನವಿಡೀ ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂತು ಮಂಡಿ, ಸೊಂಟ ಎರಡೂ ಹಿಡಿದುಕೊಂಡಿರುತ್ತಿದ್ದವು. ಐಎಫ್‌ಟಿ (ನೋವಿಗೆ ಕೊಡುವ ಸಣ್ಣ ಕರೆಂಟ್ ಚಿಕಿತ್ಸೆ) ಕೊಟ್ಟು, ತೊಡೆಗೆ ವ್ಯಾಯಾಮ ಹೇಳಿ ಕಳಿಸುತ್ತಿದ್ದೆ. ಒಬ್ಬರು ಕೇಳಿದರು, "ಮೆಟ್ಲು ಹತ್ತೋದು ಹಾಗಿರ್ಲಿ ಮೇಡಂ, ಮಣೆ ಮೇಲೆ ಕೂರೋಕೆ ಯಾವಾಗ ಆಗ್ತದೆ?" ಮಂಡಿ ನೋವಿನವರಿಗೆ ದಿನದ ಕೆಲಸ ಎಷ್ಟು ಕಷ್ಟ ಅಂತ ಅಳೆಯಲು ನಾವು ತುಂಬಿಸುತ್ತಿದ್ದ ವೊಮ್ಯಾಕ್ ಪ್ರಶ್ನಾವಳಿಯಲ್ಲಿ ಮೆಟ್ಟಿಲಿದೆ, ಕಾರು ಹತ್ತಿ ಇಳಿಯುವುದಿದೆ, ಮಣೆ ಇಲ್ಲ. ಕೆಳಗೆ ಕೂತು ಏಳುವುದನ್ನೇ ಹಂತಹಂತವಾಗಿ ಮಾಡಿಸಿದರೆ ಮಾಮೂಲಿ ವ್ಯಾಯಾಮಕ್ಕಿಂತ ಹೆಚ್ಚು ಗುಣ ಸಿಗುತ್ತದಾ? ಅದೇ ನನ್ನ ಸಂಶೋಧನೆಯಾಯಿತು.

ತಪ್ಪಿದ್ದು ಇಲ್ಲಿ. ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯವಾಗದಂತೆ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದ ಕೂಡಲೇ ರೋಗಿಗಳನ್ನು ಸೇರಿಸಿಕೊಳ್ಳತೊಡಗಿದೆ. ಸೀಸನ್ ಮುಗಿದರೆ ಇವರು ಸಿಗುವುದಿಲ್ಲ ಎನ್ನುವ ಅವಸರ. ಸಿಟಿಆರ್‌ಐ, ಅಂದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸುವ, ರೋಗಿಗಳ ಮೇಲಿನ ಚಿಕಿತ್ಸಾ ಪ್ರಯೋಗಗಳ (ಕ್ಲಿನಿಕಲ್ ಟ್ರಯಲ್) ನೋಂದಣಿ, ಆಮೇಲೆ ಮಾಡಿದರಾಯಿತು ಅಂದುಕೊಂಡೆ. ಆಗುವುದಿಲ್ಲ. 2018ರ ಏಪ್ರಿಲ್ 1ರಿಂದ, ಒಬ್ಬೇ ಒಬ್ಬ ರೋಗಿ ಸೇರಿದ್ದರೂ ಅವರು ನೋಂದಾಯಿಸಿಕೊಳ್ಳುವುದಿಲ್ಲ. ಎಥಿಕ್ಸ್ ಒಪ್ಪಿಗೆಯೇ ಬೇರೆ, ಇದೇ ಬೇರೆ. ಇಷ್ಟು ಬಿಗಿ ಯಾಕೆಂದರೆ, ಏನನ್ನು ಅಳೆಯುತ್ತೇವೆ, ಯಾವ ವಾರ ಅಳೆಯುತ್ತೇವೆ ಅಂತ ಮೊದಲೇ ಬರೆದಿಡದಿದ್ದರೆ ಕೊನೆಗೆ ಚೆನ್ನಾಗಿ ಬಂದ ಅಂಕಿಯನ್ನೇ ಮುಖ್ಯ ಅಂತ ತೋರಿಸಿಬಿಡಬಹುದು. ನೋವು ಹಾಗೇ ಇದ್ದು ಮಂಡಿ ಸ್ವಲ್ಪ ಹೆಚ್ಚು ಮಡಚಿದರೆ, ಮಡಚುವುದನ್ನೇ ಹಿಡಿದು ಪೇಪರ್ ಬರೆಯಬಹುದು. ನಾನು ಹಾಗೆ ಮಾಡಿರಲಿಲ್ಲ. ಮಾಡಿಲ್ಲ ಅಂತ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ನೋಂದಣಿ ಇಲ್ಲದ್ದರಿಂದ ಒಳ್ಳೆಯ ಜರ್ನಲ್‌ಗಳು ರಿವ್ಯೂಗೂ ಕಳಿಸದೆ ವಾಪಸ್ ಮಾಡಿದವು. ಪ್ರಮೋಷನ್ ಹೋಗಿದ್ದಕ್ಕಿಂತ ಹೆಚ್ಚು ನೋವಾಗಿದ್ದು, ಆ ಹೆಂಗಸರು ಕೂಲಿ ಬಿಟ್ಟು, ಬಸ್ ಚಾರ್ಜ್ ಹಾಕಿಕೊಂಡು ಫಾಲೋಅಪ್‌ಗೆ ಬಂದಿದ್ದು ಯಾರ ಉಪಯೋಗಕ್ಕೂ ಬರಲಿಲ್ಲವಲ್ಲ ಅಂತ.

ಮೂರರಲ್ಲಿ ಒಂದನ್ನು ಆರಿಸಬೇಕು ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ರೋಗಿಯನ್ನು ಮುಟ್ಟುವುದು ಬಿಟ್ಟವರ ಪಾಠ ಎರಡೇ ವರ್ಷಕ್ಕೆ ಹಳಸುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಪಿಎಚ್‌ಡಿಗೆ ಈಗಲೇ ಓಡಬೇಡಿ. ಒಪಿಡಿ ಇರುವ ಕಾಲೇಜು ಸೇರಿ, ಸಂಬಳ ಸ್ವಲ್ಪ ಕಮ್ಮಿಯಾದರೂ ಸರಿ. ರೋಗಿಯೊಬ್ಬರು ಕೇಳಿ, ನಿಮಗೆ ಉತ್ತರ ಹೊಳೆಯದ ಪ್ರಶ್ನೆ ಸಿಕ್ಕಮೇಲೆ ಗೈಡ್ ಹುಡುಕಿ. ಆಮೇಲೆ ಸಿಟಿಆರ್‌ಐ ನಂಬರ್ ಬರುವವರೆಗೆ ಯಾರಿಂದಲೂ ಕನ್ಸೆಂಟ್ ಫಾರಂಗೆ ಸಹಿ ಹಾಕಿಸಬೇಡಿ. ಸಿಟಿಆರ್‌ಐನವರು ನೋಂದಣಿಗೆ ದುಡ್ಡು ಕೇಳುವುದಿಲ್ಲ, ಆದರೆ ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ. ಕೊಯ್ಲಿಗೆ ಮುಂಚೆ ಅದಕ್ಕೂ ಟೈಮ್ ಇಟ್ಟುಕೊಳ್ಳಿ.