ರಾತ್ರಿ ಗೇಟ್‌ವಾಲ್ವ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ

ಪ್ರಶ್ನೆ: ತೋಟದ ಬಾವಿಗೆ 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಕೂರಿಸಿದ್ದೇವೆ. ಹಗಲು ತೊಂದರೆ ಇಲ್ಲ. ರಾತ್ರಿ ಕರೆಂಟ್ ಬಂದಾಗ ಹೋಗಿ ಗೇಟ್‌ವಾಲ್ವ್ ತಿರುಗಿಸಿದರೆ ಕೈ ಜುಮ್ ಅನ್ನುತ್ತೆ. ಪಂಪ್‌ಹೌಸಿಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಇಲ್ಲ, ಹಾಗಾಗಿ ಒಂದು ಫೇಸ್ ತಗೊಂಡು ಇನ್ನೊಂದು ತುದಿ ಅರ್ತ್‌ಗೆ ಕೊಟ್ಟು ಬಲ್ಬ್ ಹಾಕಿಕೊಂಡಿದ್ದೇವೆ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕಾ? ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಹಾಕಿ ಓಡಿಸಬಹುದಾ?
- ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ಮೊದಲು ಆ ಬಲ್ಬ್ ತೆಗೆಸಿ. ಇವತ್ತೇ.

ಹಗಲು ಇಲ್ಲದ ಶಾಕ್ ರಾತ್ರಿ ಮಾತ್ರ ಹೊಡೆಯುತ್ತಿದೆ ಅಂದರೆ ಅನುಮಾನ ಬಲ್ಬಿನ ಮೇಲೇ ಹೋಗುತ್ತೆ, ಅಲ್ವಾ? ಅದನ್ನು ಉರಿಸಿದ ಕರೆಂಟ್ ನಿಮ್ಮ ಅರ್ತ್ ವೈರಿನಲ್ಲೇ ಇಳಿದು ಮಣ್ಣಿಗೆ ಹೋಗಬೇಕು, ಮೋಟಾರಿನ ಬಾಡಿ, ಪೈಪು, ಸ್ಟಾರ್ಟರ್ ಡಬ್ಬಿ ಎಲ್ಲ ಕಟ್ಟಿರುವುದೂ ಅದೇ ವೈರಿಗೆ. ಮಣ್ಣು ಒಣಗಿದರೆ ಅಥವಾ ಅರ್ತ್ ಪೈಪಿನ ಹತ್ತಿರ ವೈರ್ ತುಕ್ಕು ಹಿಡಿದು ಕಳಚಿಕೊಂಡರೆ ಆ ಕರೆಂಟಿಗೆ ದಾರಿ ಇರುವುದಿಲ್ಲ, ಇಡೀ ಪೈಪಿನಲ್ಲಿ ಕರೆಂಟ್ ನಿಂತಿರುತ್ತೆ, ಒದ್ದೆ ಕೈಯಲ್ಲಿ ಮುಟ್ಟಿದವರೇ ದಾರಿ ಆಗುತ್ತಾರೆ. ಹಳೇ 60 ವಾಟ್ ಬಲ್ಬ್ ಎಳೆಯುವುದು ಸುಮಾರು 260 ಮಿಲಿ ಆಂಪಿಯರ್. ಜೀವ ಹೋಗಲು ಅದಕ್ಕಿಂತ ತುಂಬಾ ಕಡಿಮೆ ಸಾಕು. ಚಪ್ಪಲಿ ನಂಬಬೇಡಿ, ಮಳೆಯಲ್ಲಿ ನೆಂದ ಚಪ್ಪಲಿ ಯಾರನ್ನೂ ಕಾಯುವುದಿಲ್ಲ. ಬೆಳಕಿಗೆ ಚಾರ್ಜ್ ಮಾಡುವ ಟಾರ್ಚ್ ಇಟ್ಟುಕೊಳ್ಳಿ, ಲೈಟ್ ಬೇಕೇ ಬೇಕು ಅಂದರೆ ಸರಿಯಾದ ನ್ಯೂಟ್ರಲ್ ಎಳೆಸಲು ಮೆಸ್ಕಾಂ ಕಚೇರಿಯಲ್ಲಿ ಕೇಳಿ.

ಬಲ್ಬ್ ತೆಗೆದ ಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ ವೈಂಡಿಂಗ್ ನೋಡಿಸಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಮೋಟಾರ್ ಓಡಿಸಬೇಡಿ. ಅಲ್ಲಿಯವರೆಗೆ ಪೈಪನ್ನಾಗಲಿ ವಾಲ್ವನ್ನಾಗಲಿ ಮುಟ್ಟಬೇಕಾದರೆ ಮೇನ್ ಸ್ವಿಚ್ ಆಫ್ ಮಾಡಿಯೇ ಮುಟ್ಟಿ.

ಅರ್ಥಿಂಗನ್ನು ಹೊಸದಾಗಿ ಮಾಡಿಸುವುದೇ ಒಳ್ಳೆಯದು. ಸದಾ ತೇವ ಇರುವ ಜಾಗದಲ್ಲಿ ಎಂಟು ಅಡಿ ಗುಂಡಿ ತೆಗೆದು ಜಿಐ ಪೈಪ್ ನಿಲ್ಲಿಸಿ ಸುತ್ತ ಇದ್ದಿಲು, ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಮೋಟಾರಿನ ಬಾಡಿಗೆ ವೈರ್ ಕಟ್ಟುವ ಕಡೆ ಬಣ್ಣ ಕೆರೆದು ಬೋಲ್ಟ್ ಹಾಕಿ ಬಿಗಿಯಬೇಕು, ಸುಮ್ನೆ ಸುತ್ತಿ ಬಿಟ್ಟರೆ ಪ್ರಯೋಜನ ಇಲ್ಲ.

ಇಷ್ಟು ಮಾಡಿದರೂ ಫ್ಯೂಸ್ ಒಂದನ್ನೇ ನಂಬಿ ಕೂರಬಾರದು. ನಿಮ್ಮ ಅರ್ತ್ 20 ಓಮ್ ಇದೆ ಅಂದುಕೊಳ್ಳಿ, ಒಂದು ಫೇಸ್ ಪೂರ್ತಿ ಬಾಡಿಗೆ ತಗುಲಿದರೂ ಹರಿಯುವುದು ಹನ್ನೊಂದು ಹನ್ನೆರಡು ಆಂಪಿಯರ್ ಅಷ್ಟೇ, 5 ಎಚ್‌ಪಿಗೆ ಹಾಕಿದ ಫ್ಯೂಸ್ ಅದಕ್ಕೆಲ್ಲ ಹೋಗುವುದಿಲ್ಲ. ಅದಕ್ಕೇ ಇಎಲ್‌ಸಿಬಿ ಬೇಕು, ಅಂದರೆ ಸ್ವಲ್ಪ ಕರೆಂಟ್ ಅರ್ತ್‌ಗೆ ಸೋರಿದರೂ ತಾನೇ ಲೈನ್ ಕಡಿಯುವ ಸ್ವಿಚ್. ಅರ್ತ್‌ಗೆ ಕೊಟ್ಟ ಬಲ್ಬ್ ಇದ್ದರೆ ಅದು ಪದೇ ಪದೇ ಟ್ರಿಪ್ ಆಗುತ್ತೆ, ತೊಂದರೆ ಕೊಡುತ್ತೆ ಅಂತ ಜನ ಇಎಲ್‌ಸಿಬಿಯನ್ನೇ ಕಿತ್ತು ಹಾಕುತ್ತಾರೆ. ಅದು ತನ್ನ ಕೆಲಸ ಮಾಡುತ್ತಿರುತ್ತೆ, ದಯವಿಟ್ಟು ಕೀಳಬೇಡಿ.

ಕಂಡೆನ್ಸರ್ ಹಾಕಿ ಎರಡು ಫೇಸಲ್ಲಿ ಓಡಿಸುವುದು ಬೇಡ. ವೈಂಡಿಂಗ್ ವಿಪರೀತ ಕಾದು ಇನ್ಸುಲೇಶನ್ ಸುಡುತ್ತೆ, ಆಮೇಲೆ ಬಾಡಿಗೆ ಕರೆಂಟ್ ಬರುವುದೂ ಅಲ್ಲಿಂದಲೇ. ಸ್ಟಾರ್ಟರಿಗೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿ, ಒಂದು ಫೇಸ್ ಹೋದರೆ ಮೋಟಾರ್ ತಾನೇ ನಿಲ್ಲುತ್ತೆ.